ಬಣ್ಣದ ಪೆನ್ಸಿಲ್ ಚಿತ್ರ ಮಾಸಿದೆಯೇ? ಕಾರಣ ಹುಡುಕುವ ಬಗೆ

ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಬಣ್ಣದ ಪೆನ್ಸಿಲ್ ಭಾವಚಿತ್ರ ಎರಡು-ಮೂರು ವರ್ಷಕ್ಕೆಲ್ಲ ಬಿಳಿಚಿಕೊಂಡಿದೆ ಎಂದು ಯಾರಾದರೂ ಫೋಟೋ ಕಳಿಸಿದರೆ, ಅದರ ಜೊತೆಗೇ ಒಂದು ಪ್ರಶ್ನೆಯೂ ಬರುತ್ತದೆ: ‘ಮೇಲೆ ಯಾವ ಸ್ಪ್ರೇ ಹೊಡೆದರೆ ಸರಿಹೋಗುತ್ತದೆ?’ ಹೋದ ಬಣ್ಣವನ್ನು ಯಾವ ಸ್ಪ್ರೇಯೂ ವಾಪಸ್ ತರುವುದಿಲ್ಲ. ಮೊದಲು ತಿಳಿಯಬೇಕಾದ್ದು ಚಿತ್ರದಿಂದ ಯಾವ ಬಣ್ಣ ಹೋಗಿದೆ, ಯಾವುದು ಉಳಿದಿದೆ ಎಂಬುದು. ಅಷ್ಟು ಗೊತ್ತಾದರೆ ದೋಷ ಪೆನ್ಸಿಲ್‌ನದೋ, ಗೋಡೆಯದೋ, ಕಾಗದದ್ದೋ, ಕಟ್ಟು ಹಾಕಿದ ರೀತಿಯದೋ ಎಂದು ಸಾಮಾನ್ಯವಾಗಿ ಹೇಳಬಹುದು. ಆಮೇಲಷ್ಟೇ ಪರಿಹಾರದ ಮಾತು.

ಆರ್ಡರ್ ಮೇಲೆ ಭಾವಚಿತ್ರ ಬಿಡಿಸಿಕೊಡುವವರು ನಮ್ಮಲ್ಲಿ ಈಗ ಬಹಳ ಮಂದಿ. ಮದುವೆಗೆ, ಗೃಹಪ್ರವೇಶಕ್ಕೆ, ತೀರಿಕೊಂಡ ತಂದೆ-ತಾಯಿಯ ನೆನಪಿಗೆ ಎಂದು ಜನ ದುಡ್ಡು ಕೊಟ್ಟು ಬರೆಸಿಕೊಳ್ಳುವ ಚಿತ್ರಗಳಿವು. ಅವು ಆ ಮನೆಯ ಮಕ್ಕಳ ಕಾಲಕ್ಕೂ ಉಳಿಯಬೇಕು. ಅದಕ್ಕಾಗಿಯೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕಟ್ಟು ಬಿಚ್ಚಿ ನೋಡಿ

ಗೋಡೆಯ ಮೇಲಿದ್ದಂತೆಯೇ ನೋಡಿ ತೀರ್ಮಾನಕ್ಕೆ ಬರಬೇಡಿ. ಗಾಜಿನ ಮೇಲಿನ ಧೂಳು, ಎದುರಿನ ದೀಪದ ಪ್ರತಿಬಿಂಬ, ಹೊಸದಾಗಿ ಬಳಿಸಿದ ಗೋಡೆಯ ಬಣ್ಣ ಇವೆಲ್ಲ ಚಿತ್ರವನ್ನು ಮಂಕಾಗಿ ಕಾಣಿಸಬಲ್ಲವು. ಚಿತ್ರವನ್ನು ಇಳಿಸಿ, ಮೇಜಿನ ಮೇಲೆ ಶುಭ್ರವಾದ ಬಟ್ಟೆ ಹಾಸಿ, ಬೋರಲು ಹಾಕಿ, ಹಿಂದಿನ ಮೊಳೆ ತೆಗೆದು ಹೊರಗೆ ತೆಗೆಯಿರಿ. ಒಳಗಿನ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಗಾಜಿನ ಹಿಂದೆ ಇಡುವ ದಪ್ಪ ರಟ್ಟು) ಸಾಮಾನ್ಯವಾಗಿ ಚಿತ್ರದ ಅಂಚನ್ನು ಕೆಲವು ಮಿಲಿಮೀಟರ್‌ನಷ್ಟು ಮುಚ್ಚಿರುತ್ತದೆ. ಆ ಪಟ್ಟಿಗೆ ಬೆಳಕು ತಾಗಿರುವುದಿಲ್ಲ. ಚಿತ್ರದ ಮೂಲ ಬಣ್ಣ ಹೇಗಿತ್ತು ಎಂಬುದಕ್ಕೆ ಅದಕ್ಕಿಂತ ನಂಬಿಕಸ್ಥ ಸಾಕ್ಷಿ ಇನ್ನೊಂದಿಲ್ಲ.

ಅಂಚಿನ ಪಟ್ಟಿ ಗಾಢವಾಗಿದ್ದು, ಗೆರೆ ಎಳೆದಂತೆ ಅಲ್ಲಿಂದಾಚೆಗೆ ಬಣ್ಣ ತಿಳಿಯಾಗಿದ್ದರೆ ಕಾರಣ ಬೆಳಕೇ. ಬೇರೆ ಹುಡುಕುವುದು ಬೇಡ. ಅಂಚೂ ಒಳಭಾಗವೂ ಒಂದೇ ಥರ ಮಂಕಾಗಿದ್ದರೆ ಬೆಳಕಿನ ಮೇಲೆ ದೂರು ಹಾಕುವಂತಿಲ್ಲ. ಮೇಣ, ಕಾಗದ, ಹೊಗೆ, ತೇವ ಇವುಗಳಲ್ಲಿ ಒಂದಿರಬೇಕು. ಅಂಚಿನ ಪಟ್ಟಿಯೇ ಒಳಭಾಗಕ್ಕಿಂತ ಕಂದಾಗಿದ್ದರೆ ಮೌಂಟ್ ಬೋರ್ಡ್‌ನ ಆಮ್ಲ ಕಾಗದಕ್ಕೆ ಇಳಿದಿದೆ ಎಂದರ್ಥ.

ಬಣ್ಣ ಅಂಚಿನವರೆಗೆ ಬಂದೇ ಇಲ್ಲ, ಸುತ್ತ ಬಿಳಿ ಕಾಗದವಿದೆ ಎಂದಾದರೆ ಬೇರೆ ಸಾಕ್ಷಿ ಬೇಕು. ಚಿತ್ರ ಮುಗಿದ ದಿನ ಮಾಡಿದ ಸ್ಕ್ಯಾನ್ ಇದ್ದರೆ ಒಳ್ಳೆಯದು. ಇಲ್ಲವಾದರೆ ಅದೇ ಪೆನ್ಸಿಲ್‌ಗಳಿಂದ ಗೀಚಿದ ಬಣ್ಣದ ಚಾರ್ಟ್ ಮುಚ್ಚಿದ ಸ್ಕೆಚ್ ಪುಸ್ತಕದೊಳಗೆ ಇರಬಹುದು. ಕತ್ತಲಲ್ಲಿ ಇದ್ದುದರಿಂದ ಅದು ಮಾಸಿರುವುದಿಲ್ಲ. ಹಗಲಿನ ಬೆಳಕಿನಲ್ಲಿ, ಕಿಟಕಿಯಿಂದ ಸ್ವಲ್ಪ ದೂರ ನಿಂತು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಮಾಸಿದಂತೆ ಕಾಣುವುದೆಲ್ಲ ಮಾಸಿದ್ದಲ್ಲ

ದೂರುಗಳಲ್ಲಿ ಒಂದಷ್ಟು ಇಲ್ಲಿಯೇ ಬಗೆಹರಿಯುತ್ತವೆ. ಮೇಣದ ಬೈಂಡರ್ (ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟು) ಇರುವ ಪೆನ್ಸಿಲ್‌ಗಳನ್ನು ಒತ್ತಿ, ಪದರದ ಮೇಲೆ ಪದರ ಹಾಕಿ ಉಜ್ಜಿದಾಗ, ಕೆಲವು ದಿನ ಅಥವಾ ವಾರಗಳಲ್ಲಿ ಒಳಗಿನ ಮೇಣ ನಿಧಾನಕ್ಕೆ ಮೇಲೆ ಬಂದು ತೆಳುವಾದ ಬಿಳಿ ಪೊರೆಯಾಗಿ ನಿಲ್ಲುತ್ತದೆ. ಇದಕ್ಕೆ ವ್ಯಾಕ್ಸ್ ಬ್ಲೂಮ್ ಎನ್ನುತ್ತಾರೆ. ಕಪ್ಪು ದ್ರಾಕ್ಷಿಯ ಮೈಮೇಲೆ ಕಾಣುವ ಬೂದಿ ಪೊರೆಯಂತೆಯೇ ಇರುತ್ತದೆ. ಕೂದಲು, ಕಪ್ಪು ಕೋಟು, ಕಡುನೀಲಿ ಹಿನ್ನೆಲೆ ಇಂಥ ಗಾಢ ಜಾಗದಲ್ಲಿ ಎದ್ದು ಕಾಣುತ್ತದೆ, ತಿಳಿ ಬಣ್ಣದಲ್ಲಿ ಗೊತ್ತೇ ಆಗುವುದಿಲ್ಲ. ಹಾಗಾಗಿ ‘ಕಪ್ಪು ಮಾಸಿದೆ, ಗುಲಾಬಿ ಚೆನ್ನಾಗಿಯೇ ಇದೆ’ ಎಂದು ಯಾರಾದರೂ ಹೇಳಿದರೆ ಬಹುಮಟ್ಟಿಗೆ ಅದು ಬ್ಲೂಮ್. ಬೆಳಕಿನ ಕೆಲಸ ಇದಕ್ಕೆ ತದ್ವಿರುದ್ಧ: ಗುಲಾಬಿ ಮೊದಲು ಹೋಗುತ್ತದೆ, ಕಪ್ಪು ಕೊನೆಯವರೆಗೆ ನಿಲ್ಲುತ್ತದೆ.

ಖಚಿತ ಮಾಡಿಕೊಳ್ಳಲು ಒಂದು ಮೂಲೆಯಲ್ಲಿ ಹತ್ತಿಯಿಂದ ಹಗುರವಾಗಿ ಒಮ್ಮೆ ಒರೆಸಿ. ಗಾಢ ಬಣ್ಣ ಮರಳಿದರೆ ಬ್ಲೂಮ್. ಮಿಕ್ಕ ಭಾಗವನ್ನೂ ಮೆತ್ತನೆಯ ಬಟ್ಟೆಯಲ್ಲಿ ಒತ್ತದೆ ಒರೆಸಿ, ತೆಳುವಾಗಿ ಎರಡು-ಮೂರು ಸಲ ಫಿಕ್ಸೆಟಿವ್ (ಬಣ್ಣ ಕದಲದಂತೆ ಹಿಡಿದಿಡುವ ಸ್ಪ್ರೇ) ಹೊಡೆದರೆ ಮತ್ತೆ ಬರುವುದು ಬಹಳ ಕಡಿಮೆಯಾಗುತ್ತದೆ. ಎಣ್ಣೆಯ ಬೈಂಡರ್ ಇರುವ ಪೆನ್ಸಿಲ್‌ಗಳಲ್ಲಿ ಈ ತೊಂದರೆ ವಿರಳ.

ದೇವರ ಮನೆಯ ಹತ್ತಿರ ಗಾಜಿಲ್ಲದೆ ಇಟ್ಟ ಚಿತ್ರವಾದರೆ ದೀಪದ ಎಣ್ಣೆ ಹೊಗೆ, ಊದುಬತ್ತಿ ಹೊಗೆ ಕೂತು ಹಳದಿ-ಬೂದು ಪೊರೆಯಾಗಿರುತ್ತದೆ. ಅಡುಗೆ ಮನೆಯ ಜಿಡ್ಡೂ ಹಾಗೆಯೇ. ಇದನ್ನು ಒರೆಸಲು ಹೋದರೆ ಜಿಡ್ಡು ಮೇಣದೊಳಗೆ ಇನ್ನಷ್ಟು ಸೇರುತ್ತದೆ. ಬೆಲೆಬಾಳುವ ಚಿತ್ರವಾದರೆ ಕಾಗದದ ಕಲಾಕೃತಿಗಳ ಸಂರಕ್ಷಣೆ ಮಾಡುವವರ ಕೈಗೆ ಕೊಡುವುದೇ ಸರಿ.

ಬಣ್ಣ ಹಾಗೇ ಇದ್ದು ಕಾಗದ ಮಾತ್ರ ಹಳದಿಯಾದರೂ ಚಿತ್ರ ಕಳೆಗುಂದಿದಂತೆ ಕಾಣುತ್ತದೆ. ಬಿಳಿ ಬಿಟ್ಟ ಹೈಲೈಟ್‌ಗಳು ಹಳದಿಗೆ ತಿರುಗಿದರೆ ಇಡೀ ಮುಖದ ಉಬ್ಬು-ತಗ್ಗು ಸಪ್ಪೆಯಾಗಿಬಿಡುತ್ತದೆ. ಅಗ್ಗದ ಮರದ ತಿರುಳಿನ ಕಾಗದದಲ್ಲಿ ಲಿಗ್ನಿನ್ ಎಂಬ ಮರದ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಂತೆ ಅದು ಕಂದಾಗುತ್ತದೆ, ಪತ್ರಿಕೆಯ ಕಾಗದ ಬಿಸಿಲಿಗೆ ಹಳದಿಯಾಗುವುದೂ ಇದರಿಂದಲೇ. ನೂರಕ್ಕೆ ನೂರು ಹತ್ತಿಯ, ಆಮ್ಲರಹಿತ ಕಾಗದದಲ್ಲಿ ಈ ತೊಂದರೆಯಿಲ್ಲ. ಇನ್ನೊಂದು ಬಗೆಯೂ ಇದೆ. ಕಣ್ಣು ಕೋರೈಸುವಷ್ಟು ಬಿಳಿಯಿರುವ ಕಾಗದಗಳಿಗೆ ಬೆಳ್ಳಗೆ ಕಾಣಿಸುವ ರಾಸಾಯನಿಕ ಸೇರಿಸಿರುತ್ತಾರೆ. ಬೆಳಕಿಗೆ ಅದರ ಶಕ್ತಿ ಕುಂದಿದಾಗ ಕಾಗದ ತನ್ನ ನಿಜವಾದ ಕೆನೆ ಬಣ್ಣಕ್ಕೆ ಇಳಿಯುತ್ತದೆ. ನೋಟು ಪರೀಕ್ಷಿಸುವ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದರೆ ಇದು ತಕ್ಷಣ ತಿಳಿಯುತ್ತದೆ: ಮೌಂಟ್ ಮುಚ್ಚಿದ ಅಂಚು ನೀಲಿಯಾಗಿ ಹೊಳೆಯುತ್ತದೆ, ತೆರೆದ ಭಾಗ ಅಷ್ಟು ಹೊಳೆಯುವುದಿಲ್ಲ. ಕಾಗದ ಕೊಳ್ಳುವ ಮೊದಲೇ ಈ ಟಾರ್ಚ್ ಪರೀಕ್ಷೆ ಮಾಡಿಕೊಳ್ಳುವುದು ಜಾಣತನ.

ಯಾವ ಬಣ್ಣ ಹೋಗಿದೆ?

ಅಂಚಿನ ಗೆರೆ ಕಂಡು, ಬೆಳಕೇ ಕಾರಣ ಎಂದು ಗೊತ್ತಾಯಿತು ಅನ್ನಿ. ಇನ್ನು ಮುಂದೆ ಚಿತ್ರವನ್ನು ಓದಬೇಕು. ಬಣ್ಣದ ಪೆನ್ಸಿಲ್‌ನಲ್ಲಿ ಒಂದು ಜಾಗಕ್ಕೆ ಒಂದೇ ಬಣ್ಣ ಹಾಕುವವರು ಯಾರೂ ಇಲ್ಲ. ಐದಾರು ಬಣ್ಣಗಳು ಒಂದರ ಮೇಲೊಂದು ಕೂತಿರುತ್ತವೆ. ಅವೆಲ್ಲ ಒಟ್ಟಿಗೆ ಮಾಸುವುದಿಲ್ಲ. ದುರ್ಬಲವಾದುದು ಮೊದಲು ಹೊರಡುತ್ತದೆ, ಉಳಿದವು ಬೇರೆಯೇ ಬಣ್ಣವಾಗಿ ಕಾಣುತ್ತವೆ.

ನೇರಳೆ ಸೀರೆ ನೀಲಿಯಾಗಿದ್ದರೆ ಅದರೊಳಗಿನ ಗುಲಾಬಿ ಹೋಗಿದೆ. ಕೇಸರಿ ಶಲ್ಯ ಹಳದಿಯಾಗಿದ್ದರೆ ಕೆಂಪು ಹೋಗಿದೆ. ಎಲೆಗಳು ನೀಲಿ ಛಾಯೆಗೆ ತಿರುಗಿದ್ದರೆ ಹೋಗಿರುವುದು ಹಳದಿ. ರಾಣಿ ಪಿಂಕ್ ಬಣ್ಣದ ಸೀರೆಯಾದರೆ ಕೆಲವೊಮ್ಮೆ ಏನೂ ಉಳಿದಿರುವುದಿಲ್ಲ, ಮಡಿಕೆಯ ನೆರಳಿಗೆ ಹಾಕಿದ ಕಂದು ಗೆರೆಗಳಷ್ಟೇ ನಿಂತಿರುತ್ತವೆ.

ಮುಖದ ವಿಷಯ ಇನ್ನೂ ಸೂಕ್ಷ್ಮ. ಮೈಬಣ್ಣಕ್ಕೆ ಕೆನೆ, ಪೀಚ್, ತಿಳಿಗುಲಾಬಿ, ಕಾವಿ, ಕಂದು ಹೀಗೆ ಪದರ ಕಟ್ಟುತ್ತೇವೆ. ನೆರಳಿನ ಕಡೆ ಹಸಿರನ್ನೋ ನೇರಳೆಯನ್ನೋ ಸೇರಿಸುವವರೂ ಉಂಟು. ಇದರಲ್ಲಿ ಜೀವ ತುಂಬುವುದೇ ಗುಲಾಬಿ. ಅದು ಹೋದರೆ ಕಾವಿ, ಕಂದು, ಹಸಿರು ಉಳಿದು ಮುಖ ಕಾಯಿಲೆ ಬಿದ್ದವರಂತೆ ಪೇಲವವಾಗುತ್ತದೆ. ಮೊದಲು ಗೊತ್ತಾಗುವುದು ತುಟಿಯಲ್ಲಿ, ಆಮೇಲೆ ಕೆನ್ನೆ ಮತ್ತು ಕಿವಿಯ ಅಂಚಿನಲ್ಲಿ. ‘ಅಮ್ಮನ ಮುಖ ಹಸಿರಾಗಿದೆ’ ಎಂದು ಯಾರಾದರೂ ಹೇಳಿದರೆ ಹಸಿರು ಹೊಸದಾಗಿ ಬಂದಿಲ್ಲ, ಅದನ್ನು ಮುಚ್ಚಿದ್ದ ಗುಲಾಬಿ ಸರಿದಿದೆ.

ದೊಡ್ಡ ಕಲಾವಿದರ ಕೆಲಸದಲ್ಲೂ ಹೀಗಾಗಿದೆ. ವಿನ್ಸೆಂಟ್ ವ್ಯಾನ್ ಗಾಗ್ 1888ರಲ್ಲಿ ಆರ್ಲ್ ಪಟ್ಟಣದ ತನ್ನ ಮಲಗುವ ಕೋಣೆಯನ್ನು ಚಿತ್ರಿಸಿದಾಗ ಗೋಡೆಗಳು ತಿಳಿ ನೇರಳೆ ಎಂದು ಪತ್ರದಲ್ಲಿ ಬರೆದಿದ್ದ. ಇಂದು ಆ ಗೋಡೆಗಳು ತಿಳಿನೀಲಿ. ನೀಲಿಯ ಜೊತೆ ಬೆರೆಸಿದ್ದ ಕೆಂಪು ಬೆಳಕಿಗೆ ಮಾಸಿ ನೀಲಿ ಮಾತ್ರ ಉಳಿಯಿತು. ಅದು ಎಣ್ಣೆ ಬಣ್ಣ, ನಮ್ಮದು ಪೆನ್ಸಿಲ್. ಆದರೂ ಕಾರಣ ಒಂದೇ.

ಬಣ್ಣದ ಕಣಕ್ಕೆ ಬೆಳಕಿನ ಶಕ್ತಿ ತಾಗಿದಾಗ ಅದರ ಅಣುವಿನ ರಚನೆ ಮುರಿಯುತ್ತದೆ, ಮುರಿದ ಅಣು ಮೊದಲಿನಂತೆ ಬಣ್ಣ ತೋರಿಸುವುದಿಲ್ಲ. ಮಣ್ಣಿನಿಂದ ಬರುವ ಕಾವಿ ಮತ್ತು ಕಂದು, ಕಬ್ಬಿಣದ ಆಕ್ಸೈಡ್ ಕೆಂಪು, ಇಂಗಾಲದ ಕಪ್ಪು, ಟೈಟಾನಿಯಂ ಬಿಳಿ, ಅಲ್ಟ್ರಾಮರೀನ್ ನೀಲಿ, ಥ್ಯಾಲೋ ನೀಲಿ-ಹಸಿರು ಇವು ಗಟ್ಟಿ ಪಿಗ್ಮೆಂಟ್‌ಗಳು, ಅಂದರೆ ಕರಗದ ಬಣ್ಣದ ಪುಡಿಗಳು, ಸುಲಭಕ್ಕೆ ಜಗ್ಗುವುದಿಲ್ಲ. ಕಣ್ಣು ಸೆಳೆಯುವ ಮಜೆಂಟಾ, ಗುಲಾಬಿ, ನೇರಳೆಗಳಲ್ಲಿ ಹಲವು ಡೈಯಿಂದ, ಅಂದರೆ ಕರಗುವ ಬಣ್ಣದಿಂದ ತಯಾರಾದವು. ರೋಡಮೀನ್ ಜಾತಿಯ ಡೈಗಳು ಇದಕ್ಕೆ ಕುಖ್ಯಾತ. ನಿಯಾನ್ ಬಣ್ಣಗಳಂತೂ ಬಹಳ ಬೇಗ ಹೋಗುತ್ತವೆ. ಇದರರ್ಥ ಗುಲಾಬಿಯನ್ನೇ ಬಿಡಬೇಕು ಎಂದಲ್ಲ. ಕ್ವಿನಾಕ್ರಿಡೋನ್ ಎಂಬ ಪಿಗ್ಮೆಂಟ್‌ನಿಂದ ಮಾಡಿದ ಗುಲಾಬಿ, ಮಜೆಂಟಾಗಳು ಚೆನ್ನಾಗಿ ತಾಳುತ್ತವೆ. ಅವು ಸ್ವಲ್ಪ ಕಡಿಮೆ ಝಗಮಗ ಕಾಣುತ್ತವೆ, ಬೆಲೆಯೂ ಹೆಚ್ಚು.

ಪದರದ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಒತ್ತಿ ಹಚ್ಚಿದ ಕಡೆ ಮೇಲಿನ ಕಣಗಳು ಮಾಸಿದರೂ ಕೆಳಗಿನವು ಉಳಿದಿರುತ್ತವೆ. ಹಗುರವಾಗಿ ಸವರಿದ ಆಕಾಶ, ಕೆನ್ನೆಯ ತೆಳು ಕೆಂಪು ಇಲ್ಲಿ ಕೆಳಗೆ ಏನೂ ಇಲ್ಲ. ಒಂದೇ ಪೆನ್ಸಿಲ್ ಒಂದೇ ಚಿತ್ರದಲ್ಲಿ ಒಂದು ಕಡೆ ನಿಂತು ಇನ್ನೊಂದು ಕಡೆ ಮಾಯವಾಗುವುದು ಹೀಗೆ.

ಇತ್ತೀಚೆಗೆ ಹೆಚ್ಚಾಗಿ ಕಾಣುವ ಇನ್ನೊಂದು ದೋಷವಿದೆ. ಬೇಗ ಮುಗಿಸಲು ಮೊದಲು ಆಲ್ಕೋಹಾಲ್ ಮಾರ್ಕರ್‌ನಲ್ಲಿ ಅಡಿಬಣ್ಣ ಹಾಕಿ, ಅದರ ಮೇಲೆ ಪೆನ್ಸಿಲ್ ಮಾಡುತ್ತಾರೆ. ಈ ಮಾರ್ಕರ್‌ಗಳ ಶಾಯಿ ಸಾಮಾನ್ಯವಾಗಿ ಡೈ. ಪೆನ್ಸಿಲ್ ಎಷ್ಟೇ ಒಳ್ಳೆಯದಾಗಿದ್ದರೂ ಅಡಿ ಕುಸಿದುಹೋಗುತ್ತದೆ. ಭೂತಗನ್ನಡಿ ಹಿಡಿದು ನೋಡಿ: ಕಾಗದದ ಉಬ್ಬಿದ ಭಾಗಗಳ ಮೇಲೆ ಪೆನ್ಸಿಲ್ ಬಣ್ಣ ಗಟ್ಟಿಯಾಗಿದ್ದು, ನಡುವಿನ ತಗ್ಗುಗಳೆಲ್ಲ ಬಿಳಿ ಚುಕ್ಕೆಯಾಗಿದ್ದರೆ ಹೋಗಿರುವುದು ಮಾರ್ಕರ್. ಆ ಚಿತ್ರಕ್ಕೆ ಪೆನ್ಸಿಲ್ ಬದಲಿಸಿ ಪ್ರಯೋಜನವಿಲ್ಲ. ಅಡಿಬಣ್ಣ ಬೇಕೇ ಬೇಕೆನ್ನುವವರು ಲೈಟ್‌ಫಾಸ್ಟ್ (ಬೆಳಕು ತಾಳುವಂಥದು) ಎಂದು ನಮೂದಿಸಿದ ಜಲವರ್ಣ ಬಳಸಲಿ. ಕಣ್ಣಿನ ಹೊಳಪಿಗೆ, ಒಡವೆಗೆ ಹಾಕುವ ಬಣ್ಣದ ಜೆಲ್ ಪೆನ್ನುಗಳನ್ನೂ ಇದೇ ಅನುಮಾನದಿಂದ ನೋಡಬೇಕು.

ಪೆನ್ಸಿಲ್‌ನ ಗುರುತು ಓದುವಾಗ

ಬೆಳಕು ತಾಳುವ ಗುಣವನ್ನು ಸೂಚಿಸುವ ಗುರುತು ಕಂಪನಿಯಿಂದ ಕಂಪನಿಗೆ ಬೇರೆ. ಎಡವುವುದು ಇಲ್ಲಿಯೇ, ಏಕೆಂದರೆ ಒಂದರಲ್ಲಿ ಚಿಕ್ಕ ಅಂಕಿ ಒಳ್ಳೆಯದು, ಇನ್ನೊಂದರಲ್ಲಿ ದೊಡ್ಡದು. ಮಾನದಂಡಗಳನ್ನು ರೂಪಿಸುವ ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಪದ್ಧತಿಯಲ್ಲಿ ರೋಮನ್ ಅಂಕಿ 1 ಅತ್ಯುತ್ತಮ, 5 ಅತಿ ದುರ್ಬಲ. ಬಣ್ಣದ ಪೆನ್ಸಿಲ್‌ಗೆಂದೇ ಇರುವ ಮಾನದಂಡದ ಸಂಖ್ಯೆ ಡಿ 6901. ಅದನ್ನು ರೂಪಿಸುವುದರಲ್ಲಿ 1990ರಲ್ಲಿ ಹುಟ್ಟಿದ ಅಮೆರಿಕದ ಕಲರ್ಡ್ ಪೆನ್ಸಿಲ್ ಸೊಸೈಟಿಯ ಕಲಾವಿದರ ಪಾಲಿದೆ. ಕಾರನ್ ದಾಶ್ ಕಂಪನಿ ತನ್ನ ಲ್ಯೂಮಿನೆನ್ಸ್ ಪೆನ್ಸಿಲ್‌ಗೆ 6901 ಎಂದು ಹೆಸರಿಟ್ಟಿರುವುದು ಈ ಸಂಖ್ಯೆಯಿಂದಲೇ.

ಬ್ಲೂ ವುಲ್ ಪದ್ಧತಿ ಇದಕ್ಕೆ ತಿರುಗುಮುರುಗು. ನೀಲಿ ಬಣ್ಣ ಹಾಕಿದ ಎಂಟು ಉಣ್ಣೆ ಪಟ್ಟಿಗಳಲ್ಲಿ 1 ಬಹುಬೇಗ ಮಾಸುವುದು, 8 ಅತ್ಯಂತ ಗಟ್ಟಿ. ಪ್ರತಿ ಪಟ್ಟಿ ಅದರ ಹಿಂದಿನದಕ್ಕಿಂತ ಸುಮಾರು ಎರಡರಷ್ಟು ಕಾಲ ತಾಳುತ್ತದೆ. ಡರ್ವೆಂಟ್ ಪೆನ್ಸಿಲ್‌ಗಳ ಅಂಕಿಗಳು ಈ ಲೆಕ್ಕದವು. ಇನ್ನು 1908ರಿಂದ ಇರುವ ಫೇಬರ್-ಕ್ಯಾಸ್ಟೆಲ್ ಪಾಲಿಕ್ರೋಮೋಸ್‌ನಲ್ಲಿ ನಕ್ಷತ್ರದ ಗುರುತು. ಕಂಪನಿಯ ಮಾತಿನಂತೆ ಮ್ಯೂಸಿಯಂ ಬೆಳಕಿನಲ್ಲಿ ಮೂರು ನಕ್ಷತ್ರದ್ದು 100 ವರ್ಷಕ್ಕೂ ಮೇಲೆ, ಎರಡರದ್ದು 25ಕ್ಕೂ ಮೇಲೆ, ಒಂದರದ್ದು 5ಕ್ಕೂ ಮೇಲೆ ತಾಳುತ್ತದೆ. ‘ಮ್ಯೂಸಿಯಂ ಬೆಳಕಿನಲ್ಲಿ’ ಎಂಬ ಮಾತನ್ನು ಬಿಟ್ಟು ಓದಬೇಡಿ. ನಮ್ಮ ಮನೆಯ ಹಾಲ್ ಮ್ಯೂಸಿಯಂ ಅಲ್ಲ.

ಒಂದು ಪೆಟ್ಟಿಗೆಯ ಎಲ್ಲ ಬಣ್ಣಗಳೂ ಒಂದೇ ದರ್ಜೆಯವಲ್ಲ. ಹೆಸರಾಂತ, ದುಬಾರಿ ಸೆಟ್‌ಗಳಲ್ಲೂ ಕೆಲವು ಗುಲಾಬಿ-ನೇರಳೆಗಳು ಕೆಳದರ್ಜೆಯಲ್ಲಿರುತ್ತವೆ. ಹೊಸ ಸೆಟ್ ಬಂದ ದಿನವೇ ಕಂಪನಿಯ ಚಾರ್ಟ್ ನೋಡಿ, ದುರ್ಬಲ ಬಣ್ಣಗಳನ್ನು ತೆಗೆದು ಬೇರೆ ಡಬ್ಬಿಗೆ ಹಾಕಿ. ಅಭ್ಯಾಸಕ್ಕೆ, ಸ್ಕ್ಯಾನ್ ಮಾಡಿ ಪ್ರಿಂಟ್ ಹಾಕಿಸುವ ಕೆಲಸಕ್ಕೆ ಅವು ಚೆನ್ನಾಗಿ ಬಳಕೆಯಾಗುತ್ತವೆ. ಮಕ್ಕಳ ಪೆನ್ಸಿಲ್ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ಇಂಥ ಗುರುತೇ ಇರುವುದಿಲ್ಲ. ಗುರುತಿಲ್ಲದ್ದನ್ನು, ನೀವೇ ಪರೀಕ್ಷಿಸುವವರೆಗೆ, ಮಾಸುವ ಬಣ್ಣವೆಂದೇ ಎಣಿಸಿ. ಗಿರಾಕಿಯಿಂದ ಹಣ ಪಡೆದು ಮಾಡುವ ಚಿತ್ರಕ್ಕೆ ಎಎಸ್‌ಟಿಎಂ 1 ಮತ್ತು 2, ಅಥವಾ ಬ್ಲೂ ವುಲ್ 6ರಿಂದ 8 ಬಿಟ್ಟು ಬೇರೆ ಬಳಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಗೋಡೆಯ ಲೆಕ್ಕ

ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ. ಎಷ್ಟು ಲಕ್ಸ್ (ಬೀಳುವ ಬೆಳಕಿನ ಅಳತೆ), ಎಷ್ಟು ಗಂಟೆ ಎಂದು ಗುಣಿಸಿದರೆ ಒಟ್ಟು ಪೆಟ್ಟು ಸಿಗುತ್ತದೆ. ಕಾಗದದ ಮೇಲಿನ ಕೃತಿಗಳಿಗೆ ಮ್ಯೂಸಿಯಂಗಳು ಇಡುವ ಬೆಳಕು ಸುಮಾರು 50 ಲಕ್ಸ್. ಅದೂ ಕೆಲವು ತಿಂಗಳು ಪ್ರದರ್ಶಿಸಿ, ಆಮೇಲೆ ಕತ್ತಲೆ ಕೋಣೆಗೆ ಕಳಿಸುತ್ತವೆ. ದಿನಕ್ಕೆ ಎಂಟು ಗಂಟೆ ಎಂದರೆ 400 ಲಕ್ಸ್-ಗಂಟೆ. ನಮ್ಮ ಮನೆಯಲ್ಲಿ ದೊಡ್ಡ ಕಿಟಕಿಗೆ ಎದುರಿನ ಗೋಡೆಗೆ ನೇರ ಬಿಸಿಲು ಬೀಳದಿದ್ದರೂ ಹಗಲಿನಲ್ಲಿ 500 ಲಕ್ಸ್ ಬರುವುದು ಕಷ್ಟವೇನಲ್ಲ. ಹತ್ತು ಗಂಟೆಗೆ 5,000 ಆಯಿತು. ಅಲ್ಲಿ ಒಂದು ವರ್ಷ ತೂಗಿದರೆ ಮ್ಯೂಸಿಯಂನಲ್ಲಿ ಹನ್ನೆರಡು ವರ್ಷಕ್ಕೂ ಹೆಚ್ಚು ತೂಗಿದಂತೆ.

ನೇರ ಬಿಸಿಲಿನ ಕಥೆಯೇ ಬೇರೆ. ತೆರೆದ ಮಧ್ಯಾಹ್ನದ ಬಿಸಿಲು 1,00,000 ಲಕ್ಸ್ ಮುಟ್ಟುತ್ತದೆ. ಪಶ್ಚಿಮದ ಕಿಟಕಿಯಿಂದ ದಿನಕ್ಕೆ ಒಂದೇ ಗಂಟೆ 50,000 ಲಕ್ಸ್ ಬಿಸಿಲು ಚಿತ್ರದ ಮೇಲೆ ಬಿದ್ದರೂ ಅದು ಮ್ಯೂಸಿಯಂನ 125 ದಿನಗಳಿಗೆ ಸಮ. ಚಿತ್ರದ ಒಂದು ಮೂಲೆ ಮಾತ್ರ ಓರೆಯಾಗಿ ಮಾಸಿದ್ದರೆ ಇಂಥ ಬಿಸಿಲಿನ ಕೋಲನ್ನೇ ಹುಡುಕಿ. ಒಂದು ದಿನ ಬಿಡುವು ಮಾಡಿಕೊಂಡು ಬೆಳಗ್ಗೆ, ಮಧ್ಯಾಹ್ನ, ಸಂಜೆ ಆ ಗೋಡೆ ನೋಡಿ. ಮತ್ತೆ ಇನ್ನೊಂದು ಋತುವಿನಲ್ಲಿಯೂ ನೋಡಿ. ಡಿಸೆಂಬರಿನ ಬಿಸಿಲು ಬೀಳುವ ಜಾಗವೇ ಬೇರೆ, ಮೇ ತಿಂಗಳದ್ದೇ ಬೇರೆ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಯುರೋಪು, ಅಮೆರಿಕದಿಂದ ಬರುವ ಸಲಹೆಗಳಲ್ಲಿ ‘ಉತ್ತರದ ಕಿಟಕಿ ಸುರಕ್ಷಿತ, ಅಲ್ಲಿ ಬಿಸಿಲು ಬರುವುದಿಲ್ಲ’ ಎಂದಿರುತ್ತದೆ. ನಮ್ಮ ಅಕ್ಷಾಂಶದಲ್ಲಿ ಇದು ವರ್ಷಪೂರ್ತಿ ನಿಜವಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೂ ಬಿಸಿಲುಂಟು. ಕಿಟಕಿಯ ದಿಕ್ಕು ನಂಬಿ ಕೂರುವ ಬದಲು, ಕಿಟಕಿ ಇರುವ ಗೋಡೆಗೇ, ಅದರ ಪಕ್ಕದಲ್ಲಿ ಚಿತ್ರ ತೂಗುಹಾಕಿ. ಕಿಟಕಿಯ ಬೆಳಕು ಎದುರು ಗೋಡೆಗೆ ಬೀಳುತ್ತದೆ, ತನ್ನದೇ ಗೋಡೆಗೆ ಅಷ್ಟಾಗಿ ಬೀಳುವುದಿಲ್ಲ. ಹಗಲು ಬೆಳಕು ಕಡಿಮೆ ಬರುವ ಪಡಸಾಲೆಯ ಒಳಗೋಡೆ, ಮಲಗುವ ಕೋಣೆ ಇನ್ನೂ ಒಳ್ಳೆಯವು. ದೀಪ ಬೇಕಾದರೆ ಬೆಚ್ಚನೆಯ ಬಿಳಿಯ ಎಲ್‌ಇಡಿ ಇರಲಿ. ಮಾಮೂಲಿ ಎಲ್‌ಇಡಿಯಲ್ಲಿ ಯುವಿ ಇಲ್ಲವೆಂಬಷ್ಟು ಕಡಿಮೆ.

ಪ್ರದರ್ಶನಗಳಿಗೂ ಇದೇ ಲೆಕ್ಕ. ಪ್ರತಿ ವರ್ಷದ ಆರಂಭದಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆ ನಮ್ಮ ಕಲಾವಿದರಿಗೆ ದೊಡ್ಡ ಹಬ್ಬ. ಆದರೆ ಅಲ್ಲಿ ಚಿತ್ರಗಳು ಇಡೀ ದಿನ ಹೊರಗಿರುತ್ತವೆ. ಮರದ ನೆರಳಿನಲ್ಲಿದ್ದರೂ 10,000 ಲಕ್ಸ್ ಎಂದಿಟ್ಟುಕೊಂಡರೆ ಎಂಟು ಗಂಟೆಗೆ 80,000, ಅಂದರೆ ಮ್ಯೂಸಿಯಂನ 200 ದಿನ. ಪೆನ್ಸಿಲ್ ಕೆಲಸ ಒಯ್ಯುವವರು ಹೊರಗೆ ಪ್ರಿಂಟ್ ತೂಗುಹಾಕಿ, ಮೂಲವನ್ನು ಪೋರ್ಟ್‌ಫೋಲಿಯೊ ಒಳಗಿಟ್ಟು, ಕೇಳಿದವರಿಗೆ ತೆಗೆದು ತೋರಿಸಲಿ.

ಗಾಜು, ಹಿಂಬದಿಯ ಬೋರ್ಡ್, ಸ್ಪ್ರೇ

ಸಾಮಾನ್ಯ ಗಾಜು ಯುವಿಯ ತೀಕ್ಷ್ಣ ಭಾಗವನ್ನು ತಡೆದರೂ ಯುವಿ-ಎ ಎಂಬ ಸೌಮ್ಯ ಭಾಗದ ಬಹುಪಾಲನ್ನು ಒಳಗೆ ಬಿಡುತ್ತದೆ. ಸಂರಕ್ಷಣಾ ದರ್ಜೆಯ ಗಾಜು ಅಥವಾ ಯುವಿ ಅಕ್ರಿಲಿಕ್ ಶೇ. 99ರವರೆಗೆ ತಡೆಯಬಲ್ಲದು. ಹಾಕಿಸಲು ಅನುಕೂಲವಿದ್ದರೆ ಖಂಡಿತ ಹಾಕಿಸಿ. ಆದರೆ ಅದನ್ನು ಹಾಕಿಸಿದ ಧೈರ್ಯದ ಮೇಲೆ ಬಿಸಿಲಿನ ಗೋಡೆಗೆ ತೂಗಬೇಡಿ. ನಾವು ಕಣ್ಣಿಂದ ನೋಡುವ ಬೆಳಕೇ, ಅದರಲ್ಲೂ ನೀಲಿ-ನೇರಳೆ ಭಾಗ, ದುರ್ಬಲ ಬಣ್ಣಗಳನ್ನು ಮಾಸಿಸುತ್ತದೆ. ಅದನ್ನು ತಡೆದರೆ ಚಿತ್ರ ಕಾಣುವುದಾದರೂ ಹೇಗೆ? ಗಾಜು ಗಂಡಾಂತರವನ್ನು ಮುಂದೂಡುತ್ತದೆ, ಅಷ್ಟೇ.

ಗಾಜು ಚಿತ್ರಕ್ಕೆ ತಾಗಿಕೊಂಡಿರಬಾರದು. ಬಿಸಿಗೆ ಮೇಣ ಗಾಜಿಗೆ ಅಂಟುತ್ತದೆ. ಮಳೆಗಾಲದಲ್ಲಿ ಒಳಗೆ ತೇವ ಕಟ್ಟಿ ಬೂಷ್ಟು ಹಿಡಿಯುತ್ತದೆ. ನಡುವೆ ಮೌಂಟ್ ಇದ್ದರೆ ಸಾಕು, ಮೌಂಟ್ ಬೇಡವೆಂದರೆ ಅಂಚಿಗೆ ಸ್ಪೇಸರ್ (ಅಂತರ ಉಳಿಸುವ ಪಟ್ಟಿ) ಹಾಕಿಸಬೇಕು. ತೇವ ಬೂಷ್ಟನ್ನಷ್ಟೇ ತರುವುದಿಲ್ಲ. 1888ರಷ್ಟು ಹಿಂದೆಯೇ ಬ್ರಿಟನ್ನಿನ ರಸೆಲ್ ಮತ್ತು ಅಬ್ನಿ ಜಲವರ್ಣಗಳ ಮೇಲೆ ಬೆಳಕಿನ ಪರಿಣಾಮ ಪರೀಕ್ಷಿಸಿ, ತೇವ ಮತ್ತು ಆಮ್ಲಜನಕ ಇಲ್ಲದೆಡೆ ಬಣ್ಣ ಮಾಸುವುದು ಬಹಳ ಕಡಿಮೆ ಎಂದು ವರದಿ ಮಾಡಿದ್ದರು. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಹೊರಗೋಡೆಗೆ, ಅಂದರೆ ಆಚೆ ಬದಿ ಮಳೆಗೆ ನೆನೆಯುವ ಗೋಡೆಗೆ ಚಿತ್ರ ತೂಗುಹಾಕಬಾರದು. ಚೌಕಟ್ಟಿನ ಹಿಂದೆ ಕೆಳಮೂಲೆಗಳಿಗೆ ಕಾರ್ಕ್ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ.

ಕಟ್ಟು ಹಾಕುವ ಅಂಗಡಿಯಲ್ಲಿ ಮಾತಾಡಿ ಬರಬೇಕಾದ್ದು ಹಿಂಬದಿಯ ಬಗ್ಗೆ. ಸಾಮಾನ್ಯವಾಗಿ ಹಾಕುವುದು ಹಾರ್ಡ್‌ಬೋರ್ಡ್, ಅಂಟಿಸುವುದು ಸೆಲ್ಲೋಟೇಪ್ ಅಥವಾ ಫೆವಿಕಾಲ್. ಹಾರ್ಡ್‌ಬೋರ್ಡ್‌ನ ಆಮ್ಲ ಕಾಗದಕ್ಕೆ ಇಳಿದು ಕಂದು ಮಚ್ಚೆಯಾಗುತ್ತದೆ, ಟೇಪಿನ ಅಂಟು ಕಾಲಾಂತರದಲ್ಲಿ ಎಣ್ಣೆ ಕಲೆಯಂತೆ ಮುಂಬದಿಗೂ ಬರುತ್ತದೆ. ಆಮ್ಲರಹಿತ ಬೋರ್ಡ್ ನೀವೇ ಕೊಂಡೊಯ್ದು ಕೊಡಿ. ಚಿತ್ರವನ್ನು ಅಂಟಿಸಬೇಡಿ, ಫೋಟೋ ಕಾರ್ನರ್‌ಗಳಲ್ಲಿ ಸಿಕ್ಕಿಸಿ ಎಂದು ಸ್ಪಷ್ಟವಾಗಿ ಹೇಳಿ. ‘ಸಾರ್, ಎಲ್ಲರೂ ಹೀಗೇ ಹಾಕಿಸ್ತಾರೆ’ ಎಂಬ ಉತ್ತರ ಬಂದರೂ ಬಿಡಬೇಡಿ.

ಯುವಿ ತಡೆಯುತ್ತದೆ ಎನ್ನುವ ಸ್ಪ್ರೇಗಳು ಮೇಲ್ಮೈಗೆ ಸ್ವಲ್ಪ ರಕ್ಷಣೆ ಕೊಡುತ್ತವೆ, ಬ್ಲೂಮ್ ತಡೆಯುತ್ತವೆ. ದುರ್ಬಲ ಗುಲಾಬಿಯನ್ನು ಗಟ್ಟಿ ಮಾಡುವ ಶಕ್ತಿ ಅವಕ್ಕಿಲ್ಲ. ಹೊಡೆಯುವುದಾದರೆ ಗಾಳಿಯಾಡುವ ಕಡೆ, ಒಣ ಹವೆಯಲ್ಲಿ ತೆಳುವಾಗಿ ಹೊಡೆಯಿರಿ. ಜಡಿಮಳೆಯ ದಿನ ಹೊಡೆದರೆ ಪದರದಲ್ಲಿ ತೇವ ಸಿಕ್ಕಿ ಬಿಳಿ ಮಬ್ಬು ಉಳಿಯಬಹುದು. ಹೇರ್ ಸ್ಪ್ರೇ ಬೇಡವೇ ಬೇಡ. ಅಂಟಂಟಾಗಿ, ಹಳದಿಯಾಗಿ ನಿಲ್ಲುತ್ತದೆ. ಲ್ಯಾಮಿನೇಶನ್ ಅದಕ್ಕಿಂತ ಕೆಟ್ಟದ್ದು. ಅದರ ಬಿಸಿಗೆ ಮೇಣ ಕರಗುತ್ತದೆ, ಆಮೇಲೆ ಬಿಚ್ಚಲು ಬರುವುದೇ ಇಲ್ಲ.

ಕಿಟಕಿಯ ಪರೀಕ್ಷೆ

ಕಂಪನಿಯ ಚಾರ್ಟ್ ಇಲ್ಲದ ಪೆನ್ಸಿಲ್‌ಗಳನ್ನು ನೀವೇ ಪರೀಕ್ಷಿಸಬಹುದು. ಚಿತ್ರಕ್ಕೆ ಬಳಸುವ ಕಾಗದದಲ್ಲೇ ಪ್ರತಿ ಬಣ್ಣದ ಒಂದು ಪಟ್ಟಿ ಹಚ್ಚಿ. ಒಂದು ತುದಿ ಒತ್ತಿ, ಇನ್ನೊಂದು ತುದಿ ಹಗುರವಾಗಿ. ಮಗ್ಗುಲಲ್ಲಿ ಬಣ್ಣದ ಹೆಸರು, ಸಂಖ್ಯೆ, ಶುರು ಮಾಡಿದ ತಾರೀಖನ್ನು ಸೀಸದ ಪೆನ್ಸಿಲ್‌ನಲ್ಲಿ ಬರೆಯಿರಿ. ಬಾಲ್‌ಪೆನ್ನಿನ ಬರಹವೇ ಮಾಸಿಹೋಗಬಹುದು. ಪಟ್ಟಿಗಳ ಉದ್ದಕ್ಕೆ ಅರ್ಧ ಭಾಗವನ್ನು ಅಲ್ಯೂಮಿನಿಯಂ ಫಾಯಿಲ್‌ನಿಂದ ಬಿಗಿಯಾಗಿ ಮುಚ್ಚಿ, ಬಿಸಿಲು ಬೀಳುವ ಕಿಟಕಿಯ ಗಾಜಿನ ಒಳಬದಿಗೆ ಅಂಟಿಸಿ. ನಮ್ಮಲ್ಲಿ ಪಶ್ಚಿಮದ ಕಿಟಕಿ ವರ್ಷವಿಡೀ ಸಂಜೆ ಬಿಸಿಲು ಕೊಡುತ್ತದೆ. ದಕ್ಷಿಣದ ಕಿಟಕಿ ಚಳಿಗಾಲಕ್ಕೆ ಮಾತ್ರ ಸರಿ. ಬ್ಲೂ ವುಲ್ ಕಾರ್ಡ್ ಸಿಕ್ಕರೆ ಅದನ್ನೂ ಅರ್ಧ ಮುಚ್ಚಿ ಪಕ್ಕದಲ್ಲಿ ಅಂಟಿಸಿ. ಆಗ ಮೋಡದ ತಿಂಗಳು, ಬಿಸಿಲಿನ ತಿಂಗಳು ಎಂಬ ವ್ಯತ್ಯಾಸ ಅಡ್ಡ ಬರುವುದಿಲ್ಲ. ನಿಮ್ಮ ಬಣ್ಣ ಯಾವ ಸಂಖ್ಯೆಯ ಪಟ್ಟಿಯ ಜೊತೆಗೆ ಮಾಸಿತೋ ಅದೇ ಅದರ ದರ್ಜೆ.

ಬೇಸಿಗೆಯಲ್ಲಿ ಒಂದು ತಿಂಗಳಿಗೇ ಅತಿ ದುರ್ಬಲ ಬಣ್ಣಗಳು ಬಣ್ಣಗೆಡಲು ಶುರುವಾಗುತ್ತವೆ. ಮೂರು ತಿಂಗಳಿಗೆ ಫಾಯಿಲ್ ಎತ್ತಿ ನೋಡಿ, ಫೋಟೋ ತೆಗೆದು, ಮತ್ತೆ ಅದೇ ಗೆರೆಗೆ ಸರಿಯಾಗಿ ಮುಚ್ಚಿ. ವರ್ಷ ತುಂಬುವಷ್ಟರಲ್ಲಿ ಯಾವ ಪೆನ್ಸಿಲ್ ಇಟ್ಟುಕೊಳ್ಳಬೇಕು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಪಟ್ಟಿಗಳನ್ನು ಎಸೆಯಬೇಡಿ, ಫೈಲ್‌ನಲ್ಲಿಡಿ. ಗಿರಾಕಿಗೆ ಬೆಲೆಯ ವ್ಯತ್ಯಾಸ ವಿವರಿಸುವಾಗ ಆ ಒಂದು ಹಾಳೆ ತೋರಿಸಿದರೆ ಸಾಕಾಗುತ್ತದೆ.

ಈಗಾಗಲೇ ಮಾಸಿದ ಚಿತ್ರಕ್ಕೆ

ಮೊದಲು ಬೆಳಕಿನಿಂದ ತೆಗೆಯಿರಿ, ಆ ದಿನವೇ. ಉಳಿದಿರುವುದನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಮೌಂಟ್ ಮುಚ್ಚಿದ್ದ ಅಂಚೂ ಸೇರಿರಲಿ. ಮೂಲ ಬಣ್ಣ ಏನಿತ್ತು ಎಂದು ಹೊಂದಿಸಲು ಆ ಅಂಚು ಬೇಕಾಗುತ್ತದೆ.

ನೀವೇ ಬಿಡಿಸಿದ ಚಿತ್ರವಾಗಿದ್ದು, ಕಾಗದ ಗಟ್ಟಿಯಿದ್ದು, ಮೇಲೆ ಮೇಣ ತುಂಬಿ ನುಣುಪಾಗಿಲ್ಲದಿದ್ದರೆ ಮತ್ತೆ ಬಣ್ಣ ಕೊಡಬಹುದು. ಹೋದ ಗುಲಾಬಿಯ ಜಾಗಕ್ಕೆ ಅದೇ ಗುಲಾಬಿ ಹಾಕಬೇಡಿ. ತಾಳುವ ದರ್ಜೆಯದನ್ನು ಹುಡುಕಿ, ತೆಳು ಪದರಗಳಲ್ಲಿ, ತುಟಿಯಿಂದ ಶುರು ಮಾಡಿ ಕೆನ್ನೆಗೆ ಬನ್ನಿ. ಮೇಲ್ಮೈ ಸ್ವಲ್ಪ ನುಣುಪಾಗಿದ್ದರೆ ವರ್ಕೆಬಲ್ ಫಿಕ್ಸೆಟಿವ್ (ಮೇಲೆ ಮತ್ತೆ ಬಣ್ಣ ಹಚ್ಚಬಹುದಾದ ಬಗೆ) ಒಂದು ಪದರ ಹೊಡೆದರೆ ಪೆನ್ಸಿಲ್ ಹಿಡಿಯುವಷ್ಟು ತರಿ ಬರುತ್ತದೆ. ಮೊದಲು ಅಂಚಿನಲ್ಲಿ ಪ್ರಯತ್ನಿಸಿ. ಬೇರೆಯವರು ಬಿಡಿಸಿದ ಚಿತ್ರವಾದರೆ, ಅವರು ಇಲ್ಲವಾದರಂತೂ, ಕೈ ಹಾಕಬೇಡಿ. ಸ್ಕ್ಯಾನ್‌ನಲ್ಲಿ ಬಣ್ಣ ಸರಿಪಡಿಸಿ, ಪಿಗ್ಮೆಂಟ್ ಶಾಯಿಯ ಪ್ರಿಂಟರ್‌ನಲ್ಲಿ ಹತ್ತಿ ಕಾಗದಕ್ಕೆ ಅಚ್ಚು ಹಾಕಿಸಿ ಗೋಡೆಗೆ ಅದನ್ನು ತೂಗುಹಾಕಿ. ಮೂಲ ಚಿತ್ರವನ್ನು ಆಮ್ಲರಹಿತ ಕಾಗದ ಹೊದಿಸಿ, ಮಲಗಿಸಿದಂತೆ, ಒಣ ಕಪಾಟಿನಲ್ಲಿಡಿ. ಪ್ಲಾಸ್ಟಿಕ್ ಕವರ್ ಬೇಕಿದ್ದರೆ ಪಿವಿಸಿ ಬೇಡ, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಇರಲಿ.

ಮುಂದಿನ ಆರ್ಡರ್ ಕೊಡುವಾಗ ಚೌಕಟ್ಟಿನ ಹಿಂದೆ ಒಂದು ಚೀಟಿ ಅಂಟಿಸಿ: ಯಾವ ಪೆನ್ಸಿಲ್, ಯಾವ ಕಾಗದ, ಮುಗಿಸಿದ ವರ್ಷ, ನೇರ ಬಿಸಿಲು ಬೀಳುವ ಗೋಡೆಗೆ ಹಾಕಬಾರದು ಎಂಬ ಸೂಚನೆ. ಮನೆ ಬದಲಿಸಿದಾಗ ಚಿತ್ರ ಇಳಿಸುವವರು ಯಾರೇ ಆಗಿರಲಿ, ಚೀಟಿ ಅವರ ಕಣ್ಣಿಗೆ ಬೀಳುವಂತಿರಲಿ.